ಹುರಿಹಿಟ್ಟಿನ ಡಬ್ಬದಲ್ಲಿ 23 ಕಾರ್ಡು

ದಸರೆ ಕಳೆದ ವಾರ ಒಬ್ಬ ಹೆಣ್ಣುಮಗಳು ತಮ್ಮ ಮಗಳ ಜೊತೆ ಆಪ್ತ ಸಮಾಲೋಚನೆಗೆ ನನ್ನ ಹತ್ತಿರ ಬಂದರು. ಮಂಡ್ಯದ ಕಡೆಯ ಹಳ್ಳಿಯವರು, ನಲವತ್ತು ದಾಟಿದವರು. ಇಲ್ಲಿ ಅವರನ್ನು ಅಕ್ಕ ಅಂತಲೇ ಕರೆಯುತ್ತೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರು ಒಪ್ಪಿದ್ದಾರೆ.

ಮೊದಲು ಮಾತಾಡಿದ್ದು ಮಗಳು. ಎರಡು ತಿಂಗಳಿಂದ ಅಮ್ಮ ರಾತ್ರಿ ಮೂರಕ್ಕೇ ಎದ್ದು ಕೂರುತ್ತಾರೆ. ಊಟ ಅರ್ಧಕ್ಕೆ ಬಂದಿದೆ. ಬೀದಿ ನಲ್ಲಿಗೆ ಎಲ್ಲರೂ ಹೋಗಿ ಬಂದ ಮೇಲೆ ಹೋಗುತ್ತಾರೆ. ಗುರುವಾರದ ಮಹಿಳಾ ಸ್ವಸಹಾಯ ಸಂಘದ ಸಭೆಗೆ ಕಾಲಿಟ್ಟಿಲ್ಲ, ಕಂತಿನ ದುಡ್ಡನ್ನು ಮಗಳ ಕೈಯಲ್ಲಿ ಕಳಿಸುತ್ತಾರೆ. ಇದೆಲ್ಲ ಶುರುವಾದದ್ದು ಮೈಸೂರಿನ ಮೇಳ ಆದ ಮೇಲೆ.

ಅಕ್ಕನದು ಆರು ವರ್ಷದ ಕೆಲಸ. ಹುರಿಹಿಟ್ಟು, ರಾಗಿ ಉಂಡೆ, ಹುರಳಿ ಚಟ್ನಿಪುಡಿ. ರಾಗಿಯನ್ನು ಹದವಾಗಿ ನೆನೆಸಿ, ನೀರು ಬಸಿದು, ಕಾದ ಮರಳಿನಲ್ಲಿ ಅರಳಿಸಿ, ಜರಡಿ ಹಿಡಿದು ಬೀಸಿಸುವುದನ್ನು ಅತ್ತೆ ಕಲಿಸಿದ್ದರು. ಬೆಲ್ಲ ಪಕ್ಕದೂರಿನ ಆಲೆಮನೆಯದು. ಮಂಡ್ಯದ ನಾಲ್ಕು ಅಂಗಡಿಗೆ ಕೊಡುತ್ತಿದ್ದರು. ಒಂದು ಸಲ ಮೈಸೂರಿನ ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನದಲ್ಲಿ ಪರಿಚಯದವರ ಮಳಿಗೆಯಲ್ಲಿ ಕೂತು ಮಾರಿದ್ದರು. ತಂದದ್ದೆಲ್ಲ ಖರ್ಚಾಗಿತ್ತು. ಆ ನೆನಪಿನ ಮೇಲೆಯೇ ಈ ಸಲ ಮೂರು ದಿನದ ವ್ಯಾಪಾರ ಮೇಳದಲ್ಲಿ ಸ್ವಂತ ಮಳಿಗೆ ಹಿಡಿದರು. ಸಂಘದಿಂದ 40,000 ರೂಪಾಯಿ ಸಾಲ. ಓಲೆ ಅಡವಿಟ್ಟು 22,000.

ಮೇಳಕ್ಕೆ ಜನ ಬಂದರು. ಚಮಚದಲ್ಲಿ ತಿಂದರು, "ಚೆನ್ನಾಗಿದೆ" ಅಂದರು, ಮುಂದಿನ ಮಳಿಗೆಗೆ ಹೋದರು. ಮೂರು ದಿನಕ್ಕೆ ಆದ ವ್ಯಾಪಾರ 17,400 ರೂಪಾಯಿ.

"ಬಾಯಿಗೆ ಹಾಕ್ಕಂಡು ಹೋಗ್ಬುಟ್ರು ಮೇಡಂ. ನನ್ ಕೈಲಿ ರುಚಿನೇ ಇಲ್ಲ ಅಂತ ಅವತ್ತು ಗೊತ್ತಾಯ್ತು."

ಇಲ್ಲಿ ನಾನೊಂದು ತಪ್ಪು ಮಾಡಿದೆ. "ಇರಲಿ ಬಿಡಿ ಅಕ್ಕ, ಮುಂದಿನ ಸಲ ಆಗುತ್ತೆ" ಅಂದುಬಿಟ್ಟೆ. ಅವರ ಮುಖ ಬಾಡಿತು. ಮಗಳು, ಗಂಡ, ತಮ್ಮ, ಎಲ್ಲರೂ ಅದೇ ಮಾತು ಹೇಳಿ ಆಗಿತ್ತು. ಮುಂದಿನ ಸಲದ ಮಾತು ಅವರಿಗೆ ಇನ್ನೊಂದು ಸಾಲದ ಹಾಗೆ ಕೇಳಿಸುತ್ತಿತ್ತು. ಸುಮ್ಮನಾದೆ. ಸ್ವಲ್ಪ ಹೊತ್ತು ಬಿಟ್ಟು ನೇರವಾಗಿ ಕೇಳಿದೆ: ಸಾಯಬೇಕು ಅನ್ನಿಸಿದ್ದಿದೆಯಾ? "ಹಂಗಲ್ಲ. ಬೆಳಗಾಗ್ದೇ ಇದ್ರೆ ಸಾಕು ಅನ್ಸುತ್ತೆ" ಅಂದರು. ಇಂಥ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅವರ ಒಪ್ಪಿಗೆ ಪಡೆದು ಮಗಳಿಗೂ ತಿಳಿಸಿದೆ. ಜಿಲ್ಲಾ ಆಸ್ಪತ್ರೆಯ ಮಾನಸಿಕ ವೈದ್ಯರಿಗೆ ಅದೇ ವಾರ ತೋರಿಸಲು ಹೇಳಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಇಬ್ಬರ ಫೋನಿನಲ್ಲೂ ಹಾಕಿಸಿದೆ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರು ನಿದ್ದೆಗೆ ಸ್ವಲ್ಪ ದಿನದ ಔಷಧಿ ಕೊಟ್ಟರು. ಆಮೇಲೆ ನಮ್ಮ ಮಾತು ಸಲೀಸಾಯಿತು.

ಎರಡನೇ ಭೇಟಿಯಲ್ಲಿ ಒಂದು ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ ಮೇಳದಲ್ಲಿ ಕಣ್ಣಾರೆ ಕಂಡದ್ದು, ಬಲಕ್ಕೆ ಅದರಿಂದ ಅವರು ಅಂದುಕೊಂಡದ್ದು. ಎಡಕ್ಕೆ "ತಿಂದರು, ಚೆನ್ನಾಗಿದೆ ಅಂದರು, ಹೋದರು" ಅಂತ ಬರೆಸಿದರು. ಬಲಕ್ಕೆ "ನನ್ನ ಕೈಯಲ್ಲಿ ರುಚಿ ಇಲ್ಲ." ಎರಡನ್ನೂ ಒಟ್ಟಿಗೆ ಓದಿ ಹೇಳಿದಾಗ ಅಕ್ಕ ಹಾಳೆಯನ್ನೇ ನೋಡುತ್ತಾ ಕೂತರು. ಆಮೇಲೆ ಕೇಳಿದರು: "ಚೆನ್ನಾಗೈತೆ ಅಂದ್ಮೇಲೆ ಯಾಕೆ ತಗಳ್ಳಿಲ್ಲ?"

ಅದು ಒಳ್ಳೆಯ ಪ್ರಶ್ನೆ. ಉತ್ತರ ಅವರ ಕೈರುಚಿಯಲ್ಲಿ ಇರಲಿಲ್ಲ. ದಸರಾ ವಸ್ತುಪ್ರದರ್ಶನಕ್ಕೆ ಮನೆಮಂದಿ ಬರುತ್ತಾರೆ, ಅರ್ಧ ಕೇಜಿ ಕಟ್ಟಿಸಿಕೊಂಡು ಹೋಗುತ್ತಾರೆ. ವ್ಯಾಪಾರ ಮೇಳಕ್ಕೆ ಹೆಚ್ಚಾಗಿ ಬರುವವರು ಅಂಗಡಿಯವರು, ಏಜೆನ್ಸಿಯವರು, ಹೋಟೆಲಿನವರು. ಅವರು ಅಲ್ಲಿ ಚೀಲ ತುಂಬಿಕೊಳ್ಳುವುದಿಲ್ಲ. ರುಚಿ ನೋಡುತ್ತಾರೆ, ಅಂಗಡಿಯವರಿಗೆ ಕೊಡುವ ರೇಟು ಕೇಳುತ್ತಾರೆ, ಎಷ್ಟು ದಿನ ಕೆಡದೆ ಇರುತ್ತೆ ಅಂತ ಕೇಳುತ್ತಾರೆ, ಕಾರ್ಡು ಕೊಟ್ಟು ಹೋಗುತ್ತಾರೆ. ಮಾತುಕತೆ ಆಮೇಲೆ, ಫೋನಿನಲ್ಲಿ. ಅಕ್ಕನ ಹತ್ತಿರ ಇದ್ದದ್ದು ಪೊಟ್ಟಣದ ಮೇಲಿನ ಒಂದೇ ರೇಟು. "ನಮಗೆಷ್ಟಕ್ಕೆ ಕೊಡ್ತೀರಾ?" ಅಂದವರನ್ನು ಚೌಕಾಸಿ ಮಾಡುವವರು ಅಂದುಕೊಂಡು "ಒಂದೇ ರೇಟು" ಅಂದು ಕಳಿಸಿದ್ದರು.

ಹೆಣ್ಣುಮಕ್ಕಳಿಗೆ ಧೈರ್ಯ ಮಾಡಿ, ಮೇಳಕ್ಕೆ ಹೋಗಿ ಅಂತ ಹುರಿದುಂಬಿಸುವವರು ಬಹಳ ಜನ ಇದ್ದಾರೆ. ಮೇಳದಲ್ಲಿ ಏನಾಗುತ್ತದೆ, ನಾಲ್ಕನೇ ದಿನ ಮನೆಗೆ ಬಂದು ಏನು ಮಾಡಬೇಕು ಅಂತ ಕೂರಿಸಿ ಹೇಳುವವರು ತೀರಾ ಕಡಿಮೆ. ನನಗೆ ಇದು ಬಹಳ ನೋವಿನ ವಿಷಯ.

"ಆ ಕಾರ್ಡುಗಳು ಎಲ್ಲಿ ಅಕ್ಕ?" ಅಂತ ಕೇಳಿದೆ. ಹುರಿಹಿಟ್ಟಿನ ಹಳೇ ಡಬ್ಬದಲ್ಲಿ ಹಾಕಿ ಅಟ್ಟಕ್ಕೆ ಏರಿಸಿದ್ದರು. ಮುಂದಿನ ಭೇಟಿಗೆ ತರಲು ಹೇಳಿದೆ. 23 ಕಾರ್ಡು ಇದ್ದವು. ಕೆಲವದರ ಹಿಂದೆ ಮಗಳು ಪೆನ್ನಿನಲ್ಲಿ ಗೀಚಿದ್ದಳು: "ಏಲಕ್ಕಿ ಬೇಡವಂತೆ." "ರೇಟು ಕಳಿಸಿ." "ಸಕ್ಕರೆ ಇಲ್ಲ ಅಂತ ಪೊಟ್ಟಣದ ಮೇಲೆ ದೊಡ್ಡದಾಗಿ ಬರೀರಿ." ಅಕ್ಕ ಒಂದೊಂದನ್ನೇ ಟೇಬಲ್ ಮೇಲೆ ಜೋಡಿಸಿದರು. ಆ ಹೊತ್ತು ಕೈ ನಡುಗಲಿಲ್ಲ.

ಆದರೆ ನಿದ್ದೆ ಕೆಡಿಸಿದ್ದು ಮೇಳದ ಸೋಲೊಂದೇ ಅಲ್ಲ ಅಂತ ನನಗೆ ಅನ್ನಿಸುತ್ತಿತ್ತು. ಕೇಳುತ್ತಾ ಹೋದಂತೆ ಹೊರಬಂತು. ಸಂಘದಲ್ಲಿ ಯಾರಿಗೂ ಅವರು ಲೆಕ್ಕ ಹೇಳಿರಲಿಲ್ಲ. "ಹೆಂಗಾಯ್ತು?" ಅಂತ ಕೇಳಿದವರಿಗೆ ಮೊದಲ ದಿನ "ಚೆನ್ನಾಗಾಯ್ತು" ಅಂದುಬಿಟ್ಟಿದ್ದರು. ಆ ಒಂದು ಮಾತನ್ನು ಕಾಯಲು ನಲ್ಲಿ ಹೊತ್ತು ಬದಲಾಯಿತು, ಸಭೆ ತಪ್ಪಿತು. ಮನಸ್ಸಿನಲ್ಲಿ "ಲಕ್ಷ ಹೋಯ್ತು" ಅಂತ ಕೂತಿತ್ತು.

ಕೂತು ಲೆಕ್ಕ ಬರೆದೆವು. ಖರ್ಚು 62,000. ಮೇಳದಲ್ಲಿ ಬಂದದ್ದು 17,400. ಉಳಿದ ಚಟ್ನಿಪುಡಿ, ಹುರಿಹಿಟ್ಟನ್ನು ಮಂಡ್ಯದ ಅಂಗಡಿಗಳಿಗೆ ಕೊಟ್ಟು ಬಂದದ್ದು 9,600. ಬಳಸದ ಡಬ್ಬಿಗಳು 4,000 ರೂಪಾಯಿಯವು ಮನೆಯಲ್ಲೇ ಇದ್ದವು. ಹೋದದ್ದು 31,000. ಅದು ಚಿಕ್ಕ ಮೊತ್ತ ಅಂತ ನಾನು ಹೇಳಲಿಲ್ಲ, ಆ ಮನೆಗೆ ಅದು ಚಿಕ್ಕದಲ್ಲ. ಆದರೆ ಅದಕ್ಕೊಂದು ಮಿತಿ ಇದೆ ಅಂತ ಅವರಿಗೆ ಕಾಣಿಸಿತು.

ನನ್ನ ಸಲಹೆ ಹೀಗಿತ್ತು. ಗುರುವಾರ ಸಭೆಗೆ ಹೋಗಿ, ಈ ಹಾಳೆಯನ್ನೇ ಓದಿ. ಮೊದಲು ಲೆಕ್ಕ ಹೇಳಿ, ಆಮೇಲೆ "ಚೆನ್ನಾಗಾಯ್ತು ಅಂದದ್ದು ಸುಳ್ಳು" ಅನ್ನಿ, ಕೊನೆಗೆ ಕಂತು ಚಿಕ್ಕದು ಮಾಡಿಕೊಡಿ ಅಂತ ಕೇಳಿ. ಅಳು ಬಂದರೆ ಅಳಿ, ಆದರೆ ಹಾಳೆ ಪೂರ್ತಿ ಓದಿ. ನಾನೇ ಸಂಘದ ಅಧ್ಯಕ್ಷೆಯಾಗಿ ಎದುರಿಗೆ ಕೂತೆ, ಗಡುಸಾಗಿ ಪ್ರಶ್ನೆ ಕೇಳಿದೆ. ಮೂರು ಸಲ ಹೇಳಿಸಿದೆ. ಮೂರನೇ ಸಲ ಅವರ ದನಿ ಗಟ್ಟಿಯಾಯಿತು.

ಗಂಡನನ್ನೂ ಒಂದು ದಿನ ಕರೆಸಿದೆ. "ಬ್ಯಾಡ ಅಂದಿದ್ದೆ ಅಲ್ವಾ" ಅನ್ನುವ ಮಾತನ್ನು ಒಂದು ತಿಂಗಳು ಆಡಬೇಡಿ, ಓಲೆಯ ಬಡ್ಡಿ ಕಟ್ಟಲು ಜೊತೆಗೆ ಹೋಗಿ ಅಂತ ಕೇಳಿಕೊಂಡೆ. ಅವರಿಗೂ ಹೆದರಿಕೆ ಇತ್ತು, ಅಷ್ಟೇ. ಒಪ್ಪಿದರು.

ವ್ಯಾಪಾರದ ವಿಷಯಕ್ಕೆ ಅದನ್ನು ಬಲ್ಲವರ ಹತ್ತಿರವೇ ಕಳಿಸಿದೆ. ಕಿರು ಆಹಾರ ಉದ್ದಿಮೆಗಳಿಗಾಗಿ 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಗೊತ್ತುಮಾಡಿದ ಉತ್ಪನ್ನ ಬೆಲ್ಲವೇ. ಇಂಥ ಉದ್ದಿಮೆ ಮಾಡುವವರಿಗೆ ದಾರಿ ತೋರಿಸಲು ಆ ಯೋಜನೆಯಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳು ಇದ್ದರು. ಒಬ್ಬರು ಅಕ್ಕನ ಪೊಟ್ಟಣ ನೋಡಿ, ತಯಾರಿಸಿದ ದಿನ, ತೂಕ, ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಎಲ್ಲ ಎದ್ದು ಕಾಣುವ ಹಾಗೆ ಲೇಬಲ್ ಬದಲಿಸಲು ಹೇಳಿದರು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಆಹಾರ ತಯಾರಿಕೆಯ ಬಗ್ಗೆ ಚಿಕ್ಕ ಅವಧಿಯ ತರಬೇತಿಗಳು ನಡೆಯುತ್ತವೆ ಅನ್ನುವುದನ್ನೂ ತಿಳಿಸಿದರು. ಈಗಲೇ ಹೊಸ ಸಾಲ ಬೇಡ ಅಂತ ನಾನು ಒತ್ತಿ ಹೇಳಿದ್ದೆ. ಮನಸ್ಸು ಸರಿಯಾಗುವ ಮೊದಲು ಇನ್ನೊಂದು ಮಳಿಗೆಯೂ ಬೇಡ.

ಕಾರ್ಡುಗಳಿಗೆ ದಿನಕ್ಕೆ ಎರಡೇ ಫೋನು, ಮಗಳು ಪಕ್ಕದಲ್ಲಿ ಕೂತಿರಬೇಕು ಅಂತ ಗೊತ್ತುಮಾಡಿಕೊಂಡೆವು. "ತಡವಾಯ್ತು, ಕ್ಷಮಿಸಿ" ಅಂತಲೇ ಶುರು. ಬಹಳ ಜನ ಎತ್ತಲಿಲ್ಲ. ಇಬ್ಬರು ಬೇಡ ಅಂದರು. ಮೂವರು ರೇಟು ಕೇಳಿದರು. ಅವರಲ್ಲಿ ಮೈಸೂರಿನ ಒಂದು ಅಂಗಡಿಯವರು ಏಲಕ್ಕಿ ಹಾಕದ ಹುರಿಹಿಟ್ಟು ಐದು ಕೇಜಿ ತರಿಸಿಕೊಂಡರು.

ಸಂಘದಲ್ಲಿ ಏನಾಯಿತು ಅಂತ ಅಕ್ಕನೇ ಬಂದು ಹೇಳಿದರು. ಓದಿ ಮುಗಿಸಿದಾಗ ಯಾರೂ ಮಾತಾಡಲಿಲ್ಲವಂತೆ. ಒಬ್ಬರು ಸಿಡುಕಿದರಂತೆ: "ನಮ್ ದುಡ್ಡು ಕಣಕ್ಕ, ಅವತ್ತೇ ಹೇಳ್ಬಾರ್ದಿತ್ತಾ?" ಅಕ್ಕ "ಹೇಳ್ಬೇಕಿತ್ತು" ಅಂದರಂತೆ. ಆಮೇಲೆ ಕಂತನ್ನು ಅರ್ಧ ಮಾಡಿದರು. ಆ ಸಿಡುಕಿದವರೇ ಸಭೆ ಮುಗಿದ ಮೇಲೆ ಮನೆತನಕ ಜೊತೆಗೆ ನಡೆದು ಬಂದರಂತೆ.

ಕೊನೆಯ ಭೇಟಿ ಸಂಕ್ರಾಂತಿಗೆ ಹದಿನೈದು ದಿನ ಇದ್ದಾಗ. ನಿದ್ದೆ ಐದು ಗಂಟೆ ತನಕ ಬರುತ್ತಿತ್ತು. ಉಳಿದಿದ್ದ ಡಬ್ಬಿಗಳಿಗೆ ಎಳ್ಳು ಬೆಲ್ಲ ತುಂಬುವ ಕೆಲಸ ಸಂಘದವರೆಲ್ಲ ಸೇರಿ ಹಿಡಿದಿದ್ದರು. ಅಕ್ಕನ ಬೆರಳಿಗೆ ಬಟ್ಟೆ ಸುತ್ತಿತ್ತು. ಕೊಬ್ಬರಿ ಹೆಚ್ಚುವಾಗ ಚಾಕು ತಗುಲಿತು ಅಂದರು. ಬೇಗ ಹೊರಡಬೇಕು, ನೀರು ಬಿಡುವ ಹೊತ್ತಾಯ್ತು, ಈಗ ಎಲ್ಲರ ಜೊತೆಗೇ ಹೋಗೋದು ಅಂತ ಚೀಲ ಎತ್ತಿಕೊಂಡರು.