ಹಳೇ ಕಾಲದ ಕೆಂಪಿಗೆ ಮ್ಯಾಟೇ ಬೇಕು ಅಂತಿಲ್ಲ

ಡಿಸೆಂಬರಿನಲ್ಲಿ ಅಕ್ಕನ ಮದುವೆಗೆ 1950ರ ಕಾಲದ ಕೆಂಪು ಲಿಪ್‌ಸ್ಟಿಕ್ ಬೇಕು, ಆದರೆ ಮ್ಯಾಟ್ (ಹೊಳಪಿಲ್ಲದ ಲಿಪ್‌ಸ್ಟಿಕ್) ಹಚ್ಚಿದರೆ ಚಿಕ್ಕಮಗಳೂರಿನ ಚಳಿಗೆ ತುಟಿ ಒಡೆಯುತ್ತದೆ ಅಂತ ಕೇಳಿದ್ದೀರಿ. ನಾನು ಹಾಸನದವಳು. ಚಳಿಗಾಲದಲ್ಲಿ ನನ್ನ ತುಟಿಯ ಪಾಡೂ ಅದೇ.

ಲಿಕ್ವಿಡ್ ಮ್ಯಾಟ್ ಬಿಟ್ಟುಬಿಡಿ. ಆಗಿನ ಲಿಪ್‌ಸ್ಟಿಕ್‌ಗಳು ಮೇಣ, ಎಣ್ಣೆ ಸೇರಿಸಿ ಮಾಡಿದ ಕಡ್ಡಿಗಳು. ಹಚ್ಚಿದರೆ ಸ್ವಲ್ಪ ಹೊಳಪು ಇರುತ್ತಿತ್ತು. ಹಾಗಾಗಿ ಕ್ರೀಮ್ ಲಿಪ್‌ಸ್ಟಿಕ್ಕೇ ಆ ಕಾಲಕ್ಕೆ ಹತ್ತಿರ, ನಿಮ್ಮ ತುಟಿಗೂ ಒಳ್ಳೇದು. ರೆವ್ಲಾನ್ ಕಂಪನಿಯವರು 1953ರಲ್ಲಿ ತಂದ 'ಚೆರ್ರೀಸ್ ಇನ್ ದ ಸ್ನೋ' ನೋಡಿ, ಗುಲಾಬಿ ಬೆರೆತ ಕೆಂಪು. ಬೆಸಾಮೆ ಕಂಪನಿ 1940ರ ದಶಕದ ಬಣ್ಣಗಳನ್ನೇ ಮತ್ತೆ ಮಾಡಿ ಮಾರುತ್ತದೆ, ಆದರೆ ಅಮೆರಿಕದ್ದು, ದುಬಾರಿ.

ಬಣ್ಣವನ್ನು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನಂಬಬೇಡಿ. ನಾನು ಹಾಗೆ ತಂದ ಕೆಂಪು ಬೆಳಗ್ಗೆ ಅಂಗಳದಲ್ಲಿ ನೋಡಿದರೆ ಇಟ್ಟಿಗೆ ಬಣ್ಣ! ಸೀರೆಯ ಬ್ಲೌಸ್ ಪೀಸ್ ಜೊತೆಗೆ ಒಯ್ಯಿರಿ. ಮಣಿಕಟ್ಟಿಗೆ ಒಂದು ಗೆರೆ ಎಳೆದು, ಬಾಗಿಲ ಹೊರಗೆ ಬಿಸಿಲಿಗೆ ಬಂದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಜರಿ ಹಳದಿ ಜಾಸ್ತಿ ಇದ್ದರೆ ಕಿತ್ತಳೆ ಕಡೆಗಿನ ಕೆಂಪು ಚೆನ್ನಾಗಿ ಕೂರುತ್ತದೆ ಅಂತ ನನ್ನ ಅನಿಸಿಕೆ.

ಈಗಿನಿಂದಲೇ ರಾತ್ರಿ ಮಲಗುವಾಗ ತುಟಿಗೆ ತುಪ್ಪ ಸವರಿ. ಮದುವೆ ದಿನ ಮೊದಲು ಲಿಪ್ ಬಾಮ್, ಹತ್ತು ನಿಮಿಷ ಬಿಟ್ಟು ಬಟ್ಟೆಯಿಂದ ಒತ್ತಿ ತೆಗೆಯಿರಿ. ಆಮೇಲೆ ಲಿಪ್ ಪೆನ್ಸಿಲಿನಲ್ಲಿ ಮೇಲ್ತುಟಿಯ ಅಂಚನ್ನು ದುಂಡಗೆ ಬರೆಯಿರಿ, 50ರ ಕಾಲದ ಕಳೆ ಬರುವುದು ಅಲ್ಲೇ. ಒಂದು ಪದರ ಹಚ್ಚಿ, ಟಿಶ್ಯೂ ಒತ್ತಿ, ಇನ್ನೊಂದು ಪದರ. ಕಾಫಿ ಲೋಟಕ್ಕೆ ಸ್ವಲ್ಪ ಅಂಟೇ ಅಂಟುತ್ತದೆ, ಊಟ ಆದಮೇಲೆ ಮತ್ತೆ ಹಚ್ಚಿಕೊಳ್ಳಿ.