ನಿಮ್ಮ ಲೇಖನದಲ್ಲಿ ರೈತ ಎಲ್ಲಿ?

ನಮಸ್ಕಾರ.

ಹತ್ತೊಂಬತ್ತನೇ ಶತಮಾನದ ಇಟಲಿಯಲ್ಲಿ ಆಳುವವರು ರೈತರನ್ನು ಹೇಗೆ ಕಂಡರು ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ಆದರೆ ವಿಷಯ ಕೈಬಿಡಬೇಡಿ ಎಂದು ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆರಂಭ ಗಟ್ಟಿಯಾಗಿದೆ. 1860ರ ಅಕ್ಟೋಬರಿನಲ್ಲಿ ರಾಜಕಾರಣಿ ಫರೀನಿ ದಕ್ಷಿಣ ಇಟಲಿಯಿಂದ ಪ್ರಧಾನಿ ಕಾವೂರ್‌ಗೆ ಬರೆದ ಕಾಗದ: ಇದು ಇಟಲಿಯಲ್ಲ, ಆಫ್ರಿಕಾ, ಈ ಹಳ್ಳಿಗಮಾರರ ಮುಂದೆ ಮರುಭೂಮಿಯ ಅಲೆಮಾರಿ ಬೆದೂಯಿನರೇ ಎಷ್ಟೋ ಮೇಲು. ದೇಶ ಒಂದಾಗುತ್ತಿದ್ದ ಹೊತ್ತಿನಲ್ಲೇ ಇಂಥ ಮಾತು! ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಆಮೇಲೆ ಮಾತ್ರ ನೀವು ಇಂಥವೇ ಹೇಳಿಕೆಗಳನ್ನು ಪೋಣಿಸುತ್ತ ಹೋಗಿದ್ದೀರಿ. ರೈತನನ್ನು ಬೈದವರೆಲ್ಲ ಇದ್ದಾರೆ, ರೈತನೇ ಇಲ್ಲ. ಕೊನೆಯಲ್ಲಿ ನೀವೂ ‘ಮುಗ್ಧ ರೈತರು’ ಎಂದುಬಿಟ್ಟಿದ್ದೀರಿ. ಅದೂ ಜಗಲಿಯ ಮೇಲೆ ಕೂತವರ ಮಾತೇ.

‘1869ರಲ್ಲಿ ಹಿಟ್ಟಿನ ತೆರಿಗೆ ಬಂತು, ಗಲಭೆಯಾಯಿತು’ ಎಂದು ಒಂದೇ ಸಾಲಿನಲ್ಲಿ ದಾಟಿದ್ದೀರಲ್ಲ, ನಿಮ್ಮ ಲೇಖನ ಇದ್ದದ್ದು ಅಲ್ಲಿ. ಗಿರಣಿಯ ಬೀಸುಕಲ್ಲಿಗೆ ಸರ್ಕಾರ ಎಣಿಕೆಯ ಯಂತ್ರ ಕೂರಿಸಿತು. ಕಲ್ಲು ಎಷ್ಟು ಸುತ್ತು ತಿರುಗಿತೋ ಅಷ್ಟಕ್ಕೆ ಗಿರಣಿಯವನು ತೆರಿಗೆ ಕಟ್ಟಬೇಕು. ಅವನು ಅದನ್ನು ಬೀಸಿಸಲು ಬಂದವರಿಂದ ವಸೂಲು ಮಾಡಬೇಕು. ಗೋಧಿಗೆ ಕ್ವಿಂಟಾಲಿಗೆ 2 ಲಿರಾ. ಬೀಸುವ ಕೂಲಿಯನ್ನು ಕಾಳಿನಲ್ಲೇ ಕೊಟ್ಟು ರೂಢಿಯಿದ್ದವರು ಈಗ ಕೈಯಲ್ಲಿ ಕಾಸು ಹಿಡಿದು ಬರಬೇಕು. ಮೂಟೆ ಹೊತ್ತು ಬಂದ ಹೆಂಗಸು ಆ ಯಂತ್ರವನ್ನು ನೋಡುತ್ತ ನಿಂತದ್ದನ್ನು ಬರೆಯಿರಿ. ಉತ್ತರದ ಎಮಿಲಿಯಾ ಪ್ರಾಂತದಲ್ಲಿ ಜನ ಎದ್ದರು, ಜನರಲ್ ರಫಾಯೆಲೆ ಕದೋರ್ನಾ ಸೈನ್ಯದೊಂದಿಗೆ ಬಂದ. ದೇಶದಾದ್ಯಂತ ಸುಮಾರು 250 ಜನ ಸತ್ತರು. ಆಳುವವರು ಹೇಳಿದ್ದೇನು? ಪಾದ್ರಿಗಳ ಕುಮ್ಮಕ್ಕು, ಗಣರಾಜ್ಯವಾದಿಗಳ ಕುಮ್ಮಕ್ಕು. ತನ್ನ ಹಿಟ್ಟಿನ ಲೆಕ್ಕ ರೈತನಿಗೇ ಗೊತ್ತಿರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. ಅವರ ನೋಟ ಎಂಥದ್ದೆಂದು ಫರೀನಿಯ ಬೈಗುಳಕ್ಕಿಂತ ಇದೇ ಚೆನ್ನಾಗಿ ಹೇಳುತ್ತದೆ. ಆಗ ಮತದ ಹಕ್ಕಿದ್ದದ್ದು ನೂರಕ್ಕೆ ಇಬ್ಬರಿಗೆ ಎಂಬುದನ್ನೂ ಇಲ್ಲೇ ಸೇರಿಸಿ.

ಇನ್ನೊಂದು ಮಾತು. ಎಲ್ಲರನ್ನೂ ‘ರೈತ’ ಎಂದು ಕರೆಯಬೇಡಿ. ಟಸ್ಕನಿಯಲ್ಲಿ ಕೋರಿಗೆ ಉಳುತ್ತಿದ್ದವನ ಬದುಕೇ ಬೇರೆ, ಉತ್ತರದಲ್ಲಿ ಪೋ ನದಿಯ ಬಯಲಿನ ದಿನಗೂಲಿಯದೇ ಬೇರೆ. ಹಾಗೆಯೇ ಉಳ್ಳವರೆಲ್ಲ ಒಂದೇ ಕಣ್ಣಿನವರೂ ಅಲ್ಲ. ಹಳ್ಳಿಗರ ಸ್ಥಿತಿಗತಿ ತಿಳಿಯಲು ಸಂಸತ್ತು 1877ರಲ್ಲಿ ಆರಂಭಿಸಿದ ಕೃಷಿ ವಿಚಾರಣೆಯ ಅಧ್ಯಕ್ಷ ಸ್ಟೆಫಾನೊ ಯಾಚೀನಿ ಸ್ವತಃ ಲೊಂಬಾರ್ಡಿಯ ಜಮೀನ್ದಾರ. ಮೂರು ಹೊತ್ತೂ ಮೆಕ್ಕೆಜೋಳದ ಗಂಜಿಯಾದ ಪೊಲೆಂಟಾವನ್ನೇ ಉಂಡವರ ಚರ್ಮ ಸುಲಿದು, ಬುದ್ಧಿ ಕದಡುವ ಪೆಲಾಗ್ರಾ ರೋಗ ಆ ವರದಿಗಳಲ್ಲಿ ದಾಖಲಾಗಿದೆ. ಯಾಚೀನಿಯನ್ನು ಬಿಟ್ಟರೆ ಲೇಖನ ಒಕ್ಕಣ್ಣಿನದಾಗುತ್ತದೆ.

ಗಿರಣಿಯಿಂದ ಶುರುಮಾಡಿ, ಫರೀನಿಯ ಕಾಗದವನ್ನು ಮಧ್ಯಕ್ಕೆ ತನ್ನಿ. ಮುಂದಿನ ತಿಂಗಳೊಳಗೆ ಕಳಿಸಿದರೆ ಮೊದಲು ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ