ಸಂಪಾದಕರ ಉತ್ತರ: ಅರ್ಹರನ್ನು ಹುಡುಕುವ ಹೊಣೆ ಯಾರದು?

ಬಡ ಕುಟುಂಬಗಳ ಸಾಮಾಜಿಕ ಭದ್ರತಾ ಯೋಜನೆಗಳನ್ನು ಇನ್ನಷ್ಟು ಬಲಪಡಿಸಬೇಕೆಂದು ಕಳೆದ ಸಂಚಿಕೆಯಲ್ಲಿ ನಾವು ಬರೆದಿದ್ದೆವು. ಅದನ್ನು ಆಕ್ಷೇಪಿಸಿ ಮದ್ದೂರು ತಾಲ್ಲೂಕಿನ ನಿವೃತ್ತ ಉಪಾಧ್ಯಾಯರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಪತ್ರದ ತಿರುಳು ಇಷ್ಟು: ಗ್ಯಾರಂಟಿ, ಮಾಸಾಶನ, ಉಚಿತ ಅಕ್ಕಿಗಳಿಂದ ಜನ ಸೋಮಾರಿಗಳಾಗಿದ್ದಾರೆ, ನಾಟಿಗೂ ಕಬ್ಬು ಕಡಿಯುವುದಕ್ಕೂ ಆಳು ಸಿಗುತ್ತಿಲ್ಲ, ಕೊಡುವುದೇ ಆದರೆ ನಿಜವಾದ ಬಡವರನ್ನು ಆರಿಸಿ ಅವರಿಗಷ್ಟೇ ಕೊಡಬೇಕು, ಇಂಥ ಖರ್ಚು ಶ್ರೀಮಂತ ದೇಶಗಳಿಗೆ ಸರಿ, ನಮ್ಮಂಥ ದೇಶಗಳಿಗಲ್ಲ.

ಮಾನ್ಯರೇ,

ತಮ್ಮ ಮೊದಲ ಮಾತಿಗೆ ಉತ್ತರಿಸುವುದು ಅಷ್ಟು ಕಷ್ಟವಲ್ಲ. ಗೃಹಲಕ್ಷ್ಮಿ ಯೋಜನೆಗೆ 2023ರ ಆಗಸ್ಟ್ 30ರಂದು ನಮ್ಮ ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲೇ ಚಾಲನೆ ಕೊಟ್ಟರು. ಅದರಿಂದ ಮನೆಯ ಯಜಮಾನಿಗೆ ಬರುವುದು ತಿಂಗಳಿಗೆ 2,000 ರೂಪಾಯಿ. 2024-25ರಲ್ಲಿ ಉದ್ಯೋಗ ಖಾತರಿಯಡಿ ಕರ್ನಾಟಕಕ್ಕೆ ನಿಗದಿಯಾಗಿದ್ದ ದಿನಗೂಲಿ 349 ರೂಪಾಯಿ. ಎಂದರೆ ಆ ಹಣ ಆರು ದಿನದ ಸರ್ಕಾರಿ ಕೂಲಿಗೂ ಸಮನಾಗುವುದಿಲ್ಲ. ತಿಂಗಳ ಮಿಕ್ಕ ದಿನಗಳಲ್ಲಿ ಒಲೆ ಹತ್ತಬೇಕಾದರೆ ದುಡಿಯಲೇಬೇಕು. ಮೆಕ್ಸಿಕೊ, ಇಂಡೊನೇಷ್ಯಾ, ಫಿಲಿಪ್ಪೀನ್ಸ್, ಮೊರಾಕೊ ಸೇರಿ ಆರು ಅಭಿವೃದ್ಧಿಶೀಲ ದೇಶಗಳ ಸರ್ಕಾರಿ ನಗದು ಯೋಜನೆಗಳ ಮೇಲೆ ನಡೆದ ಏಳು ಪ್ರಯೋಗಗಳ ಅಂಕಿಅಂಶಗಳನ್ನು ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಹೋದ್ಯೋಗಿಗಳು ಒಟ್ಟಿಗಿಟ್ಟು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದರು. ಹಣ ಪಡೆದವರು ದುಡಿಮೆ ಕಡಿಮೆ ಮಾಡಿದರೆಂಬುದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ಆಳು ಸಿಗುತ್ತಿಲ್ಲ ಎಂಬ ತಮ್ಮ ಮಾತು ಸುಳ್ಳಲ್ಲ. ಆದರೆ ಮದ್ದೂರು, ಶ್ರೀರಂಗಪಟ್ಟಣದ ಗಾರ್ಮೆಂಟ್ಸ್‌ಗೆ ಬೆಳಗಿನ ವ್ಯಾನು ಹತ್ತುವ ಹೆಣ್ಣುಮಕ್ಕಳನ್ನು ಗದ್ದೆಯಿಂದ ಬಿಡಿಸಿಕೊಂಡು ಹೋದದ್ದು ಅನ್ನಭಾಗ್ಯವಲ್ಲ. ತಿಂಗಳ ಸಂಬಳ, ಪಿಎಫ್, ಇಎಸ್‌ಐ ಮತ್ತು ತಲೆಯ ಮೇಲೊಂದು ಸೂರು. ಬೆಲ್ಲದ ರೇಟು ಏರಿದಾಗ ಸಂತೋಷಪಡುವ ನಾವು ನಾಟಿಯ ಕೂಲಿ ಏರಿದಾಗ ಮಾತ್ರ ಕಾಲ ಕೆಟ್ಟಿತು ಎನ್ನುತ್ತೇವೆ.

ತಮ್ಮ ಎರಡನೆಯ ಮಾತನ್ನು ಅಷ್ಟು ಬೇಗ ದಾಟಲು ಬರುವುದಿಲ್ಲ. ನಿಜವಾದ ಬಡವರಿಗಷ್ಟೇ ಕೊಡಿ ಎಂಬುದು ನ್ಯಾಯವಾಗಿಯೇ ಕೇಳಿಸುತ್ತದೆ. ಆದರೆ ಯಾರು ಆರಿಸಬೇಕು, ಯಾವ ಕಾಗದ ನೋಡಿ ಆರಿಸಬೇಕು, ತಪ್ಪಾದರೆ ಅದನ್ನು ಯಾರು ಅನುಭವಿಸಬೇಕು ಎಂದು ಕೇಳಿದೊಡನೆ ಅದರ ನ್ಯಾಯ ಕುಂದತೊಡಗುತ್ತದೆ. ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು. ಕೂಲಿ, ಕೋಳಿ, ಎರಡು ಹಸುವಿನ ಹಾಲು, ವಾರಕ್ಕೆ (ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ) ಮಾಡಿದ ಅರ್ಧ ಎಕರೆ, ಇವುಗಳಿಂದ ಬದುಕುವ ಮನೆಗೆ ಸಂಬಳದ ಚೀಟಿ ಇರುವುದಿಲ್ಲವಾದ್ದರಿಂದ ಅದರ ಆದಾಯವೆಂದರೆ ಅಧಿಕಾರಿಯ ಅಂದಾಜು. ಆದಾಯ ಕಾಗದದ ಮೇಲೆ ಕಾಣುವುದು ಆ ಮನೆಯ ಮಗಳೊಬ್ಬಳು ಗಾರ್ಮೆಂಟ್ಸ್ ಸೇರಿದಾಗ. ತಿಂಗಳಿಗೆ ಹತ್ತು ಸಾವಿರ ದಾಟಿತೆಂದರೆ ಅಷ್ಟು ದಿನ ಬಡವರಾಗಿದ್ದವರು ಲೆಕ್ಕದಲ್ಲಿ ಸ್ಥಿತಿವಂತರಾಗಿಬಿಡುತ್ತಾರೆ. ಅನರ್ಹರನ್ನು ಕೈಬಿಡುವ ಕೆಲಸ 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಜೋರಾಗಿ ನಡೆದಾಗ ಅರ್ಹರ ಕಾರ್ಡುಗಳೂ ರದ್ದಾದವು. ಕೂಗೆದ್ದ ಮೇಲೆ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡುಗಳನ್ನು ಮರಳಿಸುವಂತೆ ಮುಖ್ಯಮಂತ್ರಿಯವರೇ ಸೂಚಿಸಬೇಕಾಯಿತು.

ಕೂಗೆಬ್ಬಿಸಲಾಗದವರ ವಿಷಯಕ್ಕೆ ಬರೋಣ. ಮಂಡ್ಯ ಜಿಲ್ಲೆಯ ನಾಡಕಚೇರಿಯೊಂದರ ಜಗಲಿಯಲ್ಲಿ ಈಚೆಗೆ ಒಬ್ಬ ಅಜ್ಜಿ ಪ್ಲಾಸ್ಟಿಕ್ ಚೀಲದಿಂದ ತೆಗೆದು ನಮಗೆ ತೋರಿಸಿದ ಕಾಗದಗಳು ಮೂರು. ವಿಧವಾ ವೇತನದ ಮಂಜೂರಾತಿ ಆದೇಶದಲ್ಲಿ ಅವರ ಹೆಸರಿನ ಮುಂದೆ ‘ಕೋಂ ಲೇಟ್’ ಎಂದು ಗಂಡನ ಹೆಸರಿತ್ತು; ಆಧಾರ್ ಕಾರ್ಡಿನಲ್ಲಿ ಗಂಡನ ಹೆಸರು ಹೋಗಿ ಒಂದು ಇನಿಷಿಯಲ್ ಬಂದಿತ್ತು; ಪಾಸ್‌ಬುಕ್ಕಿನಲ್ಲಿ ಹೆಸರಿನ ಕೊನೆಯ ‘ಅಮ್ಮ’ವೇ ಬಿಟ್ಟುಹೋಗಿತ್ತು. ಖಾತೆಯಿದ್ದ ಬ್ಯಾಂಕು ಇನ್ನೊಂದು ಬ್ಯಾಂಕಿನಲ್ಲಿ ವಿಲೀನವಾಗುವವರೆಗೆ ಈ ಮೂವರೂ ಒಬ್ಬರೇ ಎಂದು ಎಲ್ಲರೂ ಒಪ್ಪಿದ್ದರು, ಹಣವೂ ಬರುತ್ತಿತ್ತು. ಆಮೇಲೆ ನಿಂತಿತು. ಏಕೆ ನಿಂತಿತೆಂದು ಒಂದು ಸಾಲಿನ ಕಾಗದವೂ ಅವರಿಗೆ ತಲುಪಿರಲಿಲ್ಲ. ಒಳಗಿದ್ದವರು ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಬರಲು ಆಧಾರ್ ಸಂಖ್ಯೆಗೆ ಬ್ಯಾಂಕ್ ಖಾತೆಯನ್ನು ಜೋಡಿಸುವುದು) ಆಗಿಲ್ಲ, ಬ್ಯಾಂಕಿಗೆ ಹೋಗಿ ಎಂದರು. “ಬ್ಯಾಂಕ್ನೋರು ಇಲ್ಗೇ ಕಳ್ಸವ್ರೆ ಕಣಪ್ಪ, ನಾನಿನ್ನೆಲ್ಗೆ ಓಗ್ಲಿ?” ಎಂದು ಅಜ್ಜಿ ಕೇಳಿದ್ದಕ್ಕೆ ಆ ಸಿಬ್ಬಂದಿಯ ಬಳಿ ಉತ್ತರವಿರಲಿಲ್ಲ. ಅವರು ಒರಟಾಗಿಯೇನೂ ಮಾತಾಡಲಿಲ್ಲವೆಂಬುದನ್ನೂ ಹೇಳಬೇಕು. ಅವರ ಕಂಪ್ಯೂಟರಿನಲ್ಲಿ ಕಾಣುತ್ತಿದ್ದುದು ‘ಪಾವತಿ ವಿಫಲ’ ಎಂಬುದಷ್ಟೇ. ಅದನ್ನು ಸರಿಪಡಿಸುವ ಅಧಿಕಾರ ಅವರ ಮೇಜಿಗೆ ಇರಲಿಲ್ಲ.

ಇದು ಬಡವರನ್ನು ಗುರುತಿಸುವುದರಲ್ಲಿ ಆದ ತಪ್ಪಲ್ಲ ಎಂಬುದನ್ನು ತಾವು ಗಮನಿಸಬೇಕು. ಸರ್ಕಾರವೇ ಅರ್ಹರೆಂದು ಒಪ್ಪಿ ಆದೇಶ ಕೊಟ್ಟವರು ಅವರು. ಆದರೂ ತಾವು ಬದುಕಿದ್ದೇವೆ, ತಾವು ತಾವೇ ಎಂದು ಮತ್ತೆ ಮತ್ತೆ ರುಜುವಾತು ಮಾಡುವ ಹೊಣೆ ಅವರ ಮೇಲೆಯೇ ಬೀಳುತ್ತದೆ. ಆಲೆಮನೆಯಲ್ಲಿ ದುಡಿದವರ, ವರ್ಷಗಟ್ಟಲೆ ಕಬ್ಬಿನ ಸೋಗೆ ಸವರಿದವರ ಬೆರಳಿನ ಗೆರೆ ಸವೆದಿರುತ್ತದೆ. ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಅದು ಹಿಡಿಯದಿದ್ದರೆ ತಪ್ಪು ಬೆರಳಿನದೇ ಆಗುತ್ತದೆ.

ಯಂತ್ರ ಬೇಡವೆಂದು ನಾವು ಹೇಳುತ್ತಿಲ್ಲ. ಕಾರ್ತಿಕ್ ಮುರಳೀಧರನ್, ಪಾಲ್ ನೀಹಾಸ್ ಮತ್ತು ಸಂದೀಪ್ ಸುಖ್ತಂಕರ್ ಎಂಬ ಅರ್ಥಶಾಸ್ತ್ರಜ್ಞರು ಎರಡು ರಾಜ್ಯಗಳಲ್ಲಿ ಬೆರಳಚ್ಚಿನ ವ್ಯವಸ್ಥೆಯನ್ನೇ ಪರೀಕ್ಷಿಸಿದ್ದಾರೆ. ಅವಿಭಜಿತ ಆಂಧ್ರಪ್ರದೇಶದಲ್ಲಿ ಮಾಸಾಶನ ಮತ್ತು ಉದ್ಯೋಗ ಖಾತರಿ ಕೂಲಿಗೆ ಸ್ಮಾರ್ಟ್‌ಕಾರ್ಡ್ ತಂದಾಗ ಹಣ ಬೇಗ ಬಂತು, ಸೋರಿಕೆಯೂ ಇಳಿಯಿತು. ಜಾರ್ಖಂಡದ ಪಡಿತರದಲ್ಲಿ ಆಧಾರ್ ಬೆರಳಚ್ಚು ಕಡ್ಡಾಯ ಮಾಡಿದಾಗ ಸೋರಿಕೆ ಇಳಿಯಲಿಲ್ಲ. ಬದಲಿಗೆ, ಆಧಾರ್ ಜೋಡಣೆ ಆಗಿರದ ಕುಟುಂಬಗಳಿಗೆ ಸಿಗುತ್ತಿದ್ದ ಸವಲತ್ತು ಸರಾಸರಿ ಹತ್ತನೇ ಒಂದರಷ್ಟು ಕಡಿಮೆಯಾಯಿತು. ಎರಡಕ್ಕೂ ಇದ್ದ ಮುಖ್ಯ ವ್ಯತ್ಯಾಸವೆಂದರೆ, ಆಂಧ್ರದಲ್ಲಿ ಕಾರ್ಡು ಇಲ್ಲದವರಿಗೂ ಹಳೆಯ ದಾರಿಯಲ್ಲಿ ಹಣ ಕೊಡಲು ಅವಕಾಶವಿತ್ತು. ಯಂತ್ರ ಕೈಕೊಟ್ಟಾಗ ಮನುಷ್ಯರೊಬ್ಬರು ಸಹಿ ಹಾಕಿ ಕೊಡಬಹುದಾದ ಈ ಸಣ್ಣ ಬಾಗಿಲನ್ನು ‘ದುರುಪಯೋಗ’ದ ಹೆದರಿಕೆಯಿಂದ ಮುಚ್ಚಿದ ಕಡೆಯಲ್ಲೆಲ್ಲ ಬಡವರೇ ಹೊರಗುಳಿಯುತ್ತಾರೆ.

ಆದ್ದರಿಂದ ಯೋಜನೆಗಳನ್ನು ಬಲಪಡಿಸಬೇಕು ಎಂದು ನಾವು ಬರೆದಾಗ ನಮ್ಮ ಮನಸ್ಸಿನಲ್ಲಿದ್ದುದು ಹೊಸ ಭಾಗ್ಯಗಳಲ್ಲ. ಒಮ್ಮೆ ಮಂಜೂರಾದ ಮಾಸಾಶನವನ್ನು, ಕಾರಣ ಬರೆದ ಕನ್ನಡದ ನೋಟಿಸನ್ನು ಫಲಾನುಭವಿಯ ಕೈಗೆ ಮುಟ್ಟಿಸಿ ವಿವರಣೆಗೆ ಸಮಯ ಕೊಡದ ಹೊರತು ಯಾರೂ ನಿಲ್ಲಿಸಬಾರದು. ನಿಂತದ್ದು ಕಚೇರಿಯ ಅಥವಾ ಬ್ಯಾಂಕಿನ ತಪ್ಪಿನಿಂದಾದರೆ ಬಾಕಿಯನ್ನು ಸೇರಿಸಿ ಕೊಡಬೇಕು. ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೊಡಬೇಕೆಂದು ನಮ್ಮ ರಾಜ್ಯದ 2011ರ ಸಕಾಲ ಕಾಯ್ದೆ ಹೇಳುತ್ತದೆ. ಆದರೆ ಅದು ಅರ್ಜಿ ಕೊಟ್ಟವರಿಗೆ. ಬರುತ್ತಿದ್ದ ಹಣ ನಿಂತವರ ಕೈಯಲ್ಲಿ ಅರ್ಜಿಯ ಸಂಖ್ಯೆಯೇ ಇರುವುದಿಲ್ಲ. ಕಚೇರಿಯೇ ಜನರ ಬಳಿಗೆ ಹೋಗಬಲ್ಲದು ಎಂಬುದಕ್ಕೆ ಉದಾಹರಣೆಗಳಿವೆ. 2022ರಲ್ಲಿ ಕಂದಾಯ ಇಲಾಖೆ, ಫೋನ್ ಮಾಡಿದರೆ 72 ಗಂಟೆಯೊಳಗೆ ಮಾಸಾಶನ ಮಂಜೂರು ಮಾಡುವ ವ್ಯವಸ್ಥೆ ಪ್ರಕಟಿಸಿತ್ತು. ಬ್ರೆಜಿಲ್ ಇನ್ನೂ ಮುಂದೆ ಹೋಗಿದೆ. ಅಲ್ಲಿ ಬಡ ಕುಟುಂಬಗಳಿಗೆಲ್ಲ 2001ರಿಂದ ಒಂದೇ ನೋಂದಣಿ ಪಟ್ಟಿಯಿದೆ. ಅದನ್ನು ಎರಡು ವರ್ಷಕ್ಕೊಮ್ಮೆಯಾದರೂ ನವೀಕರಿಸಬೇಕು, ಆ ಕೆಲಸ ಸ್ಥಳೀಯ ಪುರಸಭೆಗಳದು. ಪಟ್ಟಿಯಿಂದ ಬಿಟ್ಟುಹೋದವರನ್ನು ಹುಡುಕಿಕೊಂಡು ಹೋಗಿ ಸೇರಿಸುವುದನ್ನು 2011ರಲ್ಲಿ ಸರ್ಕಾರದ ಕರ್ತವ್ಯವೆಂದೇ ಮಾಡಿದರು. ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಕಾಗದವಿಲ್ಲದ ಜೇನುಕುರುಬರ ಮನೆಗಳಿಗೆ ಬೇಕಾದದ್ದೂ ಅಂಥದ್ದೇ. ಅವರನ್ನು ಸೈಬರ್ ಸೆಂಟರಿನ ಸಾಲಿನಲ್ಲಿ ನಿಲ್ಲಿಸುವುದಲ್ಲ. ನಮ್ಮಲ್ಲಾದರೋ ಆಹಾರ ಭದ್ರತಾ ಕಾಯ್ದೆಯಡಿ ಎಷ್ಟು ಜನರಿಗೆ ಧಾನ್ಯ ಎಂಬುದನ್ನು 2011ರ ಜನಗಣತಿಯ ಮೇಲೆ ನಿಗದಿ ಮಾಡಲಾಗಿದೆ. 2021ರಲ್ಲಿ ನಡೆಯಬೇಕಿದ್ದ ಗಣತಿ ಆ ವರ್ಷ ನಡೆಯಲೇ ಇಲ್ಲ.

ಬರದ ವಿಷಯದಲ್ಲಿ ತಮ್ಮ ಪತ್ರ ಮೌನವಾಗಿದೆ. ಮಂಡ್ಯದವರಾಗಿ ತಾವು ಅದನ್ನು ಮರೆತಿರಲಾರಿರಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಕಾವೇರಿ ನೀರಿಗಾಗಿ ಮಂಡ್ಯದ ರಸ್ತೆಗಳಲ್ಲಿ ಧರಣಿ ನಡೆಯಿತು. ರಾಜ್ಯ 18,171 ಕೋಟಿ ರೂಪಾಯಿ ಪರಿಹಾರ ಕೇಳಿ, ಕೊನೆಗೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ ಮೇಲೆ 2024ರ ಏಪ್ರಿಲ್ ಕೊನೆಯಲ್ಲಿ ಸುಮಾರು 3,454 ಕೋಟಿ ಬಂತು. ಬೆಳೆ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ನಾಲೆಗೆ ನೀರು ಬಿಡದ ವರ್ಷ ನಾಟಿಯಿಲ್ಲ, ಕಳೆಯಿಲ್ಲ, ಕೊಯ್ಲಿಲ್ಲ. ಅಂಥ ವರ್ಷ ಮೊದಲು ಕೆಲಸ ಕಳೆದುಕೊಳ್ಳುವವರು ಪಹಣಿಯಿಲ್ಲದ ಕೂಲಿಯವರು, ವಾರಕ್ಕೆ ಮಾಡುವವರು. ಉತ್ತರ ಕೀನ್ಯಾದ ತುರ್ಕಾನಾ, ಮಾರ್ಸಬಿಟ್ ಮೊದಲಾದ ಒಣ ಜಿಲ್ಲೆಗಳಲ್ಲಿ ಸಾವಿರಾರು ಕುಟುಂಬಗಳ ಬ್ಯಾಂಕ್ ಖಾತೆಯನ್ನು ಮೊದಲೇ ತೆರೆದಿಟ್ಟಿದ್ದಾರೆ. ಹಸಿರು ಒಣಗಿದ್ದನ್ನು ಉಪಗ್ರಹದ ಚಿತ್ರದಿಂದ ಅಳೆದು, ಅದು ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಮಾಮೂಲಿ ಫಲಾನುಭವಿಗಳಲ್ಲದವರ ಖಾತೆಗೂ ಹಣ ಹಾಕುತ್ತಾರೆ. ಕೆ.ಆರ್.ಎಸ್. ಮಟ್ಟವನ್ನು ದಿನವೂ ಪತ್ರಿಕೆಯಲ್ಲಿ ಓದುವ ನಮಗೆ ಅಂಥದೊಂದು ಸೂಚ್ಯಂಕ ಹುಡುಕಲು ಉಪಗ್ರಹವೂ ಬೇಕಿಲ್ಲ.

ಇನ್ನು ಖರ್ಚಿನ ಮಾತು. ಬಡ ದೇಶಗಳು ಅತಿಯಾಗಿ ಕೊಡುತ್ತಿವೆ ಎಂಬ ಭಾವನೆಗೆ ಆಧಾರ ಕಡಿಮೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2024ರ ವರದಿಯ ಪ್ರಕಾರ ಜಗತ್ತಿನ ಶೇ 52.4ರಷ್ಟು ಜನರಿಗೆ ಒಂದಾದರೂ ಸಾಮಾಜಿಕ ರಕ್ಷಣೆ ಸಿಗುತ್ತದೆ. ಕಡಿಮೆ ಆದಾಯದ ದೇಶಗಳಲ್ಲಿ ಅದು ಶೇ 9.7 ಮಾತ್ರ. ಬ್ರೆಜಿಲ್ ಬಡ ಕುಟುಂಬಗಳಿಗೆ ನಗದು ಕೊಡುವ ತನ್ನ ಬೋಲ್ಸಾ ಫಮಿಲಿಯಾ ಯೋಜನೆಯಲ್ಲಿ ಕೊರೊನಾಕ್ಕೆ ಮುಂಚೆ ಜನಸಂಖ್ಯೆಯ ಕಾಲುಭಾಗದಷ್ಟನ್ನು ತಲುಪಿದ್ದು ರಾಷ್ಟ್ರೀಯ ಉತ್ಪನ್ನದ ಸುಮಾರು ಅರ್ಧ ಶೇಕಡಾ ವೆಚ್ಚದಲ್ಲಿ. ನಮ್ಮ ದೇಶದಲ್ಲಿ ವೃದ್ಧಾಪ್ಯ ವೇತನಕ್ಕೆ ಕೇಂದ್ರ ಸರ್ಕಾರದ ಪಾಲು 60ರಿಂದ 79 ವರ್ಷದವರಿಗೆ ತಿಂಗಳಿಗೆ 200 ರೂಪಾಯಿ. 2007ರಲ್ಲೂ ಅದು 200 ರೂಪಾಯಿಯೇ ಆಗಿತ್ತು. ಈ ನಡುವೆ ಅಕ್ಕಿ, ಎಣ್ಣೆ, ಔಷಧಿ ಯಾವುದರ ಬೆಲೆಯೂ 2007ರಲ್ಲಿ ನಿಂತಿಲ್ಲ. ರಾಜ್ಯ ಸಂಧ್ಯಾ ಸುರಕ್ಷಾ ಎಂಬ ತನ್ನದೇ ವೃದ್ಧರ ಮಾಸಾಶನದ ಮೊತ್ತವನ್ನು 1,200 ರೂಪಾಯಿಗೆ ತಂದದ್ದು 2021ರಲ್ಲಿ. ಸರ್ಕಾರಿ ನೌಕರರಿಗೆ, ತಮ್ಮಂಥ ನಿವೃತ್ತರಿಗೂ ಸೇರಿ, ಬೆಲೆ ಏರಿದಂತೆ ತುಟ್ಟಿಭತ್ಯೆ ಏರುತ್ತದೆ; ಅದು ಏರುವುದೇ ಸರಿ. ರಾಜಸ್ಥಾನ 2023ರ ತನ್ನ ಕಾಯ್ದೆಯಲ್ಲಿ ಬಡವರ ಪಿಂಚಣಿಯೂ ಪ್ರತಿವರ್ಷ ಶೇ 15ರಷ್ಟು, ಜುಲೈಯಲ್ಲಿ 5 ಮತ್ತು ಜನವರಿಯಲ್ಲಿ 10ರಂತೆ, ತಾನಾಗಿ ಏರಬೇಕೆಂದು ಬರೆಯಿತು. ಪ್ರಮಾಣದ ಬಗ್ಗೆ ಚರ್ಚೆ ಇರಬಹುದು. ಚುನಾವಣೆ ಬಂದಾಗ ಇನ್ನೂರು ಸೇರಿಸಿ, ಮತ್ತೆ ಐದು ವರ್ಷ ಮರೆಯುವ ಪದ್ಧತಿಗಿಂತ ಅದು ಎಷ್ಟೋ ವಾಸಿ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಅಭಿಪ್ರಾಯ ತಮ್ಮದರ ಪಕ್ಕದಲ್ಲೇ ಇದೆ. ಉಚಿತ ವಿದ್ಯುತ್ತನ್ನು ತಾವು ಟೀಕಿಸಿದ್ದೀರಿ. ಗೃಹಜ್ಯೋತಿಯಲ್ಲಿ 200 ಯೂನಿಟ್ಟಿನ ಮಿತಿಯೊಳಗೆ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯನ್ನೇ ಆಧಾರವಾಗಿಟ್ಟು ಉಚಿತ ಯೂನಿಟ್ ನಿಗದಿಯಾಗುತ್ತದೆ. ಹಾಗಾಗಿ ಫ್ರಿಜ್, ಗೀಸರ್ ಇರುವ ಮನೆಗೆ ಸರ್ಕಾರ ಹೆಚ್ಚು ಕೊಡುತ್ತದೆ, ಎರಡು ಬಲ್ಬಿನ ಮನೆಗೆ ಕಡಿಮೆ. ಇದನ್ನು ಬಡವರ ಭದ್ರತಾ ಯೋಜನೆಗಳ ಸಾಲಿಗೆ ಸೇರಿಸುವುದು ನಮಗೂ ಕಷ್ಟ. ನಗರದ ಸ್ಥಿತಿವಂತರ ಬಡಾವಣೆಗಳಿಗೆ ಹೋಗುವ ಈ ಸಬ್ಸಿಡಿಯ ಒಂದು ಪಾಲನ್ನು ವೃದ್ಧರ, ವಿಧವೆಯರ, ಅಂಗವಿಕಲರ ಮಾಸಾಶನಕ್ಕೆ ತಿರುಗಿಸಬೇಕೆಂದು ತಾವು ಮತ್ತೊಂದು ಪತ್ರ ಬರೆದರೆ ಅದನ್ನೂ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ